ಡಬ್ಬಿಯ ಮೇಲೆ ಕಾಕಿಯ ಮುಖ

ಇವತ್ತು ಬೆಳಿಗ್ಗೆ ಗೋಕಾಕದಿಂದ ಮಸಗುಪ್ಪಿಗೆ ಹೊರಟಾಗ ಕಾರಿನ ತುಂಬ ತುಪ್ಪದಲ್ಲಿ ಹುರಿದ ಅಂಟಿನ ವಾಸನೆ. ಬಸುರಿಯಾದ ನನ್ನ ಮಗಳ ಕುಬಸಕ್ಕೆಂದು ಒಯ್ಯುತ್ತಿದ್ದ ಕರದಂಟಿನ ಡಬ್ಬಿಗಳು ಹಿಂದಿನ ಸೀಟಿನಲ್ಲಿದ್ದವು, ಪಕ್ಕದಲ್ಲಿ ನಮ್ಮ ಕಾಕಿ, ಅಂದರೆ ಚಿಕ್ಕಪ್ಪನ ಹೆಂಡತಿ. ಪ್ರತಿ ಡಬ್ಬಿಯ ಮೇಲೂ ಅವಳದೇ ಮುಖ. ಆ ಮುಖ ಅಲ್ಲಿಗೆ ಬಂದದ್ದು ಹೇಗೆಂದು ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಗೋಕಾಕದ ನಮ್ಮ ಮನೆತನದ ಅಂಗಡಿಯ ಡಬ್ಬಿಯ ಮೇಲೆ ಮೊದಲಿಂದ ಇದ್ದವನು ಅಜ್ಜ. ಓದು ಬಾರದವರೂ ಬಂದು "ರುಮಾಲ ಅಜ್ಜನ ಡಬ್ಬಿ ಕೊಡ್ರಿ" ಅನ್ನುತ್ತಿದ್ದರು. ಹೊಸ ಡಬ್ಬಿ ಅಚ್ಚಾದಾಗಲೆಲ್ಲ ಪ್ರೆಸ್ಸಿನವರು ಅವನ ಮೀಸೆಯನ್ನು ಇನ್ನಷ್ಟು ದಪ್ಪ ಮಾಡುತ್ತಿದ್ದರು. ನಿಜ ಹೇಳಬೇಕೆಂದರೆ, ಅಜ್ಜ ಗಲ್ಲಾಪೆಟ್ಟಿಗೆ ಬಿಟ್ಟು ಒಲೆಯ ಕಡೆ ಸುಳಿದವನಲ್ಲ. ಬೆಲ್ಲದ ಪಾಕ ನೋಡುತ್ತಿದ್ದವಳು ಸೊಸೆಯಾದ ಕಾಕಿ. ಅಜ್ಜನೂ ಕಾಕಾನೂ ತೀರಿಕೊಂಡ ಮೇಲೆ ಇಡೀ ಅಂಗಡಿಯೇ ಅವಳ ಪಾಲಿಗೆ ಬಂತು.

ಆಮೇಲೆ ಅವಳ ಮಗ ಶಿವುಗೆ ಲೋಗೋದ ಹುಚ್ಚು ಹಿಡಿಯಿತು. ಫೋನಿನ ಕಂಪನಿಗಳು, ಬ್ಯಾಂಕುಗಳು, ಕೊನೆಗೆ ವಿಮಾನದವರೂ ಚಿಹ್ನೆ ಬದಲಿಸಿದ್ದನ್ನು ನೋಡಿದ್ದ. ಬೆಳಗಾವಿಯಿಂದ ಡಿಸೈನರನನ್ನು ಕರೆಸಿದ. ಹುಕ್ಕೇರಿಯ ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳೆಂದು ನನಗೂ ಬುಲಾವ್ ಬಂತು. ಆ ಡಿಸೈನರ್ ಹುಡುಗ ತೋರಿಸಿದ್ದು ಒಂದು ಉಂಗುರ, ಅದರೊಳಗೊಂದು ಎಲೆ. ನಾನು ಕನ್ನಡಕ ಏರಿಸಿ, ಬಹಳ ತಿಳಿದವಳಂತೆ ತಲೆದೂಗಿದೆ.

ಕಾಕಿ ಕೇಳಿದಳು, "ಇದೇನ್ ತಮ್ಮಾ, ಗುಳಿಗಿ ಕಂಪನೀದ?"

"ಈಗ ಎಲ್ಲಾ ಹಿಂಗ ಸರಳ ಮಾಡಾಕತ್ತಾರ್ರಿ. ಮಾರಿ ಗೀರಿ ಇಡಾಂಗಿಲ್ಲ" ಎಂದು ಆ ಹುಡುಗ ಹಳೆಯ ಡಬ್ಬಿಯ ಮೇಲಿನ ಅಜ್ಜನ ಮುಖ ತೋರಿಸಿದ.

"ನಮ್ಮ ಮಂದಿ ಮಾರಿ ನೋಡೇ ತಗೊಳ್ಳೋದು. ಅಜ್ಜಂದು ಹಳೇದಾತಂದ್ರ ನಂದ ಹಾಕು."

ಮೊದಲು ಎಲ್ಲರೂ ನಕ್ಕೆವು. ಅವಳು ನಗಲಿಲ್ಲ. ಶಿವು ಮೆಲ್ಲಗೆ, "ಯವ್ವಾ, ಈ ಡಬ್ಬಿ ಮದವೀಗಿ ಹೋಗ್ತೈತಿ, ಕುಬಸಕ್ಕ ಹೋಗ್ತೈತಿ…" ಎಂದು ನಿಲ್ಲಿಸಿದ.

"ಗಂಡ ಸತ್ತಾಕಿ ಮಾರಿ ಅಲ್ಲಿ ಯಾಕ ಅಂತಿ, ಹೌದಿಲ್ಲೋ? ಇಷ್ಟ ವರ್ಷ ನನ್ನ ಕೈಲೇ ಮಾಡಿದ್ದನ್ನ ಅದ ಮದವ್ಯಾಗ ತಿಂದಾರಲ್ಲೋ. ಬಸವಣ್ಣನ್ನ ನಂಬಿದ ಮನ್ಯಾಗ ಹುಟ್ಟಿ ಇದನ್ನ ಮಾತಾಡ್ತಿಯಲ್ಲಾ!"

ಫೋಟೋ ತೆಗೆಸಲಾಯಿತು. ಡಿಸೈನರ್ ತನ್ನ ಜಾಣತನ ತೋರಿಸಿ ಕಂಪ್ಯೂಟರಿನಲ್ಲೇ ಅವಳ ಹಣೆಗೆ ದುಂಡಗೆ ಕುಂಕುಮ ಇಟ್ಟು ತಂದ. ನನಗೂ ಅದೇ ಸುಲಭದ ದಾರಿ ಅನ್ನಿಸಿತ್ತು. ಕಾಕಿ ನೋಡಿದ್ದೇ ತಡ, "ಅಳಿಸು ಅದನ್ನ. ನಾ ಹಚ್ಚಿಕೊಳ್ಳೂದು ವಿಭೂತಿ. ಇದ್ದಂಗ ಇರಲಿ" ಅಂದಳು. ವಿಭೂತಿಯೇ ಅಚ್ಚಾಯಿತು.

ಕೆಲವು ಗಿರಾಕಿಗಳು ಡಬ್ಬಿ ತಿರುಗಿಸಿ ನೋಡಿ ಇಟ್ಟುಹೋದರು. ಮೂಡಲಗಿಯ ಒಬ್ಬರು ಮದುವೆಯ ಆರ್ಡರನ್ನೇ ವಾಪಸು ಪಡೆದರು. ಶಿವು ಅಜ್ಜನ ಮುಖದ ಹಳೆಯ ರಟ್ಟಿನ ಡಬ್ಬಿಗಳನ್ನು ಕದ್ದುಮುಚ್ಚಿ ಇಟ್ಟುಕೊಂಡಿದ್ದ. ಕಾಕಿ ಅವನ್ನೆಲ್ಲ ಒಲೆಗೆ ಹಾಕಿ, ಅದರ ಮೇಲೆಯೇ ಪಾಕ ಇಟ್ಟಳು. ಆ ವರ್ಷ ವ್ಯಾಪಾರ ಇಳಿಯಿತು, ಅವಳು ಜಗ್ಗಲಿಲ್ಲ. ನಿಧಾನವಾಗಿ ಜನರ ಬಾಯಲ್ಲಿ "ಆಯಿ ಡಬ್ಬಿ", ಅಂದರೆ ಅಜ್ಜಿಯ ಡಬ್ಬಿ, ಎಂಬ ಹೆಸರು ನಿಂತಿತು.

ಇಂಥ ಗಟ್ಟಿಗಿತ್ತಿ ಇವತ್ತು ಮಸಗುಪ್ಪಿಯ ಬೀಗರ ಮನೆಯಲ್ಲಿ ಏನು ಮಾಡಿದಳು ಗೊತ್ತೇ? ಡಬ್ಬಿಗಳು ಆರತಿ ತಟ್ಟೆಯ ಪಕ್ಕದಲ್ಲಿ ಸಾಲಾಗಿ ಕುಳಿತವು. ಅವಳು ಮಾತ್ರ ಯಾರೂ ಹೇಳದೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ಕುಳಿತಳು. ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಸೆರಗಿಗೆ ಅಕ್ಕಿ ಹಾಕಿ ಮಗಳ ಉಡಿ ತುಂಬಿದರು. ನಾನು ಅವಳ ಬಳಿಗೆ ಹೋದೆ. "ಬಾ ಕಾಕಿ" ಎಂದು ಕರೆದೆ.

"ಅಂಗಡಿ ನಂದು, ಅಲ್ಲಿ ಹಟಾ ಮಾಡ್ತೇನಿ. ಇದು ಕೂಸಿನ ವಿಚಾರ ಐತವ್ವಾ. ಏನರ ಆದ್ರ ನನ್ನ ಜೀವ ತಡ್ಯಾಂಗಿಲ್ಲ."

ಅವಳ ದನಿಯಲ್ಲಿ ಅಷ್ಟು ಅಂಜಿಕೆಯನ್ನು ನಾನು ಎಂದೂ ಕೇಳಿರಲಿಲ್ಲ. ಮಗಳು ಮಣೆಯ ಮೇಲಿಂದ ಒಂದು ಕೈ ಊರಿ ಕಷ್ಟಪಟ್ಟು ಎದ್ದಳು. ಎಲ್ಲರೂ ನೋಡುತ್ತಿರುವಾಗಲೇ ಬಾಗಿಲ ತನಕ ನಡೆದುಹೋಗಿ, ಕಾಕಿಯ ಮುಂದೆ ಸೆರಗು ಒಡ್ಡಿ ನಿಂತಳು.

"ತುಂಬು ಆಯಿ. ನಿಂತ್ರ ಕಾಲು ನೋಯತಾವು."

ಕಾಕಿ ಬೀಗತಿಯ ಕಡೆ ನೋಡಿದಳು. ಬೀಗತಿ ಅಕ್ಕಿಯ ತಟ್ಟೆಯನ್ನು ಎತ್ತಿಕೊಡಲಿಲ್ಲ. ಆ ತಟ್ಟೆಯನ್ನು ನಾನೇ ತಂದು ಹಿಡಿದೆ. ಕಾಕಿ ಎರಡೂ ಕೈ ತುಂಬ ಅಕ್ಕಿ ತೆಗೆದುಕೊಂಡಳು.