ದೂರಿನಲ್ಲಿ ಬರೆಸದ ತಾಯಿತ

ಶರಣ ಬಂಧುಗಳಿಗೆ ಇಳಕಲ್ಲಿನ ಮಗ್ಗದ ಮನೆಯ ಗಂಗವ್ವಳ ಶರಣು. ಹಿಗ್ಗಿನಲ್ಲಿ ಗಡಿಬಿಡಿಯಿಂದ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಪ್ಪತ್ತೆರಡು ವರ್ಷದ ಹಿಂದೆ, ಶ್ರಾವಣದ ಎರಡನೇ ಸೋಮವಾರ, ಮಹಾಕೂಟಕ್ಕೆ ಹೋಗಿ ಬರುವಾಗ ಬಾಗಲಕೋಟೆ ಬಸ್ ನಿಲ್ದಾಣದಲ್ಲಿ ನನ್ನ ಮೂರು ವರ್ಷದ ಮಗಳು ಅನ್ನಪೂರ್ಣ ಕಳೆದುಹೋದಳು. ಇಳಕಲ್ ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದು ತಿರುಗಿ ನೋಡುವಷ್ಟರಲ್ಲಿ ಕೂಸು ಇರಲಿಲ್ಲ.

ದೂರು ಬರೆಸಿದವರು ನನ್ನ ಅತ್ತೆ. ಅವರದು ಭಾರಿ ಲಿಂಗನಿಷ್ಠೆ. "ನಮ್ಮ ಕೂಸಿನ ಕೊರಳಾಗ ಬೆಳ್ಳಿ ಕರಡಿಗಿ ಐತ್ರಿ, ಅದರಾಗ ಲಿಂಗ ಐತಿ. ಅದ ಗುರುತು" ಎಂದರು. ಪೊಲೀಸರು ಹಾಗೆಯೇ ಬರೆದುಕೊಂಡರು. ಆದರೆ ಆ ಕರಡಿಗೆ ನನ್ನ ಸೆರಗಿನ ಗಂಟಿನಲ್ಲಿತ್ತು! ಕೂಸು ನಿದ್ದೆಯಲ್ಲಿ ಬೆಚ್ಚಿ ಬೀಳುತ್ತದೆಂದು ಹಿಂದಿನ ದಿನ ಅತ್ತೆಗೆ ಗೊತ್ತಾಗದಂತೆ ದರ್ಗಾಕ್ಕೆ ಒಯ್ದು ಕೊರಳಿಗೆ ತಾಯಿತ ಕಟ್ಟಿಸಿ ಅಂಗಿಯೊಳಗೆ ಮುಚ್ಚಿದ್ದೆ. ಎರಡು ದಾರ ಸಿಕ್ಕಾಗುತ್ತವೆಂದು ಕರಡಿಗೆ ತೆಗೆದಿಟ್ಟಿದ್ದೆ. ಅತ್ತೆಯ ಅಂಜಿಕೆಗೆ ಸುಮ್ಮನಾದೆ. ಕೂಸಿನ ಫೋಟೊ ಒಂದೂ ಇರಲಿಲ್ಲ. ಪೊಲೀಸರು ಕರಡಿಗೆಯ ಕೂಸನ್ನೇ ಹುಡುಕಿ ಹುಡುಕಿ ಕೊನೆಗೆ ಫೈಲು ಕಟ್ಟಿಟ್ಟರು.

ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತ ವರ್ಷಗಳೇ ಹೋದವು. ತಡವಾದಷ್ಟೂ ಸುಳ್ಳು ಭಾರವಾಗುತ್ತದೆ. ಪ್ರತಿ ಶ್ರಾವಣ ಮಹಾಕೂಟಕ್ಕೆ ಹೋಗಿ ಶಿವನೊಂದಿಗೆ ಜಗಳ ತೆಗೆಯುತ್ತಿದ್ದೆ: "ನಿನ್ನ ದರ್ಶನಕ್ಕ ಬಂದಾಕಿ ಮಗಳ್ನ ಕಳಕೊಂಡು ಹೋಗೂದಂದ್ರ ಏನೋ ಯಪ್ಪಾ?" ತಪ್ಪು ನನ್ನದು, ಬೈಗುಳ ಅವನಿಗೆ!

ಕಳೆದ ಶ್ರಾವಣದಲ್ಲಿ ಮಹಾಕೂಟದ ಹೊಂಡದಲ್ಲಿ ಮುಳುಗಿ ಎದ್ದವಳಿಗೆ ಏನಾಯಿತೋ, ಸುತ್ತ ಜನರಿದ್ದಾರೆಂಬುದನ್ನೂ ಮರೆತು ಕೂಗಿಬಿಟ್ಟೆ: "ಶಿವನ, ತಪ್ಪು ನಂದು. ಇನ್ನ ಯಾರ ಕೇಳಿದ್ರೂ ಖರೆ ಹೇಳ್ತೇನಿ. ಕೂಸು ಎಲ್ಲೈತಿ ಅಷ್ಟ ತೋರ್ಸು!"

ಒಂಬತ್ತನೆಯ ದಿನ ಬಾಗಲಕೋಟೆಯ ನವನಗರದ ಪೊಲೀಸ್ ಕಚೇರಿಯಿಂದ ಫೋನು! ಹಳೆಯ ಪ್ರಕರಣಗಳನ್ನು ಮತ್ತೆ ತೆರೆದಿದ್ದ ಒಬ್ಬ ಮಹಿಳಾ ಇನ್ಸ್‌ಪೆಕ್ಟರ್ ಮಾತಾಡಿದರು. ಅದೇ ಶ್ರಾವಣದಲ್ಲಿ ಯಾವುದೋ ಬಸ್ಸಿನಲ್ಲಿ ಬಂದು ವಿಜಯಪುರದ ಬಸ್ ನಿಲ್ದಾಣದಲ್ಲಿ ಸಿಕ್ಕ ಸುಮಾರು ಮೂರು ವರ್ಷದ ಹುಡುಗಿ ಈಗ ನರ್ಸ್ ಆಗಿದ್ದಾಳೆ, ಹೆತ್ತವರನ್ನು ಹುಡುಕಿಕೊಡಿ ಎಂದು ಅರ್ಜಿ ಕೊಟ್ಟಿದ್ದಾಳೆ ಎಂದರು. ಮರುದಿನ ನಾನೂ ನನ್ನ ಗಂಡನೂ ಹುನಗುಂದದ ಮೇಲೆ ಹೋಗುವ ಮೊದಲ ಬಸ್ಸು ಹತ್ತಿದೆವು.

"ಅಕ್ಕಾರ, ಆಸಿ ಭಾಳ ಇಟ್ಕೋಬ್ಯಾಡ್ರಿ," ಎಂದರು ಇನ್ಸ್‌ಪೆಕ್ಟರ್. "ನಿಮ್ಮ ಫೈಲಿನ್ಯಾಗ ಲಿಂಗ ಅಂತ ಬರದೈತಿ. ಆ ಹುಡುಗಿ ಕೊರಳಾಗ ದರ್ಗಾದ ತಾಯಿತ ಇತ್ತು. ಮುಸ್ಲಿಮರ ಕೂಸು ಅಂತ ತಿಳ್ಕೊಂಡು ಅವರ ಮನಿಗೇ ಸಾಕಾಕ ಕೊಟ್ಟಾರ."

ನಾನು ಕುರ್ಚಿ ಬಿಟ್ಟು ಎದ್ದೇಬಿಟ್ಟೆ. "ಆ ತಾಯಿತ ಕಟ್ಟಿದಾಕಿ ನಾನ ರೀ!"

ಗಂಡ ನನ್ನನ್ನೇ ನೋಡಿದರು. "ಇಷ್ಟ ವರ್ಷ ಎದಿಯಾಗ ಇಟ್ಕೊಂಡಿದ್ದೇನ ನೀ?" ಎಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಬಾಯಿಮಾತು ನಡ್ಯೂದಿಲ್ರಿ. ಇಬ್ರೂ ರಕ್ತ ಕೊಡ್ರಿ, ಡಿಎನ್‌ಎ ಹೇಳ್ತೈತಿ" ಎಂದು ಇನ್ಸ್‌ಪೆಕ್ಟರ್ ದವಾಖಾನೆಗೆ ಕರೆದೊಯ್ದರು. ಮಗುವಿನಲ್ಲಿ ಅರ್ಧ ತಾಯಿಯದು, ಅರ್ಧ ತಂದೆಯದು, ಅದನ್ನು ಎಳೆ ಎಳೆಯಾಗಿ ಹೊಂದಿಸಿ ನೋಡುತ್ತಾರೆ ಎಂದು ಅಲ್ಲಿ ಡಾಕ್ಟರು ಹೇಳಿದರು. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವವಳು ನಾನು. ನನಗೆ ಇದನ್ನು ಬಿಡಿಸಿ ಹೇಳಬೇಕೆ? ಒಂದು ಎಳೆ ತಪ್ಪಿದರೂ ನಮಗೆ ಕಣ್ಣಿಗೆ ಹೊಡೆಯುತ್ತದೆ.

ಮೂರು ತಿಂಗಳು ಕಾದೆವು. ಆಮೇಲೊಂದು ಮಧ್ಯಾಹ್ನ ಫೋನು: "ಕೂಡೇತ್ರಿ ಅಕ್ಕಾರ, ಕೂಡೇತಿ! ಆಕಿ ನಿಮ್ಮ ಮಗಳ!" ಕೈಯಲ್ಲಿ ಮಗ್ಗದ ಲಾಳಿ ಹಿಡಿದುಕೊಂಡೇ ಓಣಿಗೆ ಓಡಿದೆ. ಅಕ್ಕಪಕ್ಕದವರು ನನಗೆ ಹುಚ್ಚು ಹಿಡಿಯಿತು ಅಂದುಕೊಂಡರಂತೆ. ಅಂದುಕೊಳ್ಳಲಿ!

ನವನಗರದ ಕಚೇರಿಗೆ ಮಗಳು ತನ್ನನ್ನು ಸಾಕಿದ ತಾಯಿ ಜುಬೇದಾ ಅವರ ಜೊತೆ ಬಂದಳು. ಈಗ ಅವಳ ಹೆಸರು ಶಮಾ. ನನ್ನ ಬಾಯಿಂದಲೇ ಎಲ್ಲ ತಿಳಿದ ಮೇಲೂ ನನ್ನ ಅತ್ತೆ ಹಟ ಹಿಡಿದು ಬಂದಿದ್ದರು. ಮೊಮ್ಮಗಳನ್ನು ಕಂಡವರೇ, "ಮೂಗು ನಂದ ಐತಲ್ಲ! ಇದಕ್ಕ ಯಾವ ಮಿಷನ್ ಬೇಕಾಗಿತ್ತು?" ಎಂದರು. ಇನ್ಸ್‌ಪೆಕ್ಟರೂ ನಕ್ಕುಬಿಟ್ಟರು.

ಜುಬೇದಾ ಮಾತ್ರ ನಗಲಿಲ್ಲ. ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು. "ಕಸ್ಕೊಂಡು ಹೋಗೂದಿಲ್ಲಲ್ರಿ?" ಎಂದು ಕೇಳಿದರು. ಆ ಅಂಜಿಕೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಇಲ್ರಿ ಅಕ್ಕಾರ. ನನ್ನ ಕೂಸು ಬದುಕೈತಲ್ಲ, ನಿಮ್ಮ ಪುಣ್ಯಾ" ಎಂದು ಅವರ ಕಾಲು ಹಿಡಿಯಲು ಬಾಗಿದೆ. ಅವರು ತಡೆದು ನನ್ನನ್ನು ತಬ್ಬಿಕೊಂಡರು. ಇಬ್ಬರೂ ಮನಸಾರೆ ಅತ್ತೆವು.

ಶಮಾ ನಾಚುತ್ತ ಕೇಳಿದಳು: "ಅಮ್ಮಿ ಇವ್ರು. ನಿಮಗ ಏನಂತ ಕರೀಲ್ರಿ?"

"ನಿನ್ನ ಮನಸ್ಸಿಗೆ ಬಂದಂಗ ಕರಿ, ಮಗಳ. ಆದ್ರ ಕರೀತಿರು."

ಬಂಧುಗಳೇ, ಕೂಸು ಎಲ್ಲಿದೆ ತೋರಿಸು ಎಂದಷ್ಟೇ ನಾನು ಬೇಡಿದ್ದು. ಖರೆ ಹೇಳುವ ಧೈರ್ಯವನ್ನು ಮೊದಲು ಕೊಟ್ಟು ಆಮೇಲೆ ಮಗಳನ್ನು ಕೊಟ್ಟ ಮಹಾಕೂಟದ ಒಡೆಯನನ್ನು ಇನ್ನು ಈ ಜೀವ ಇರುವತನಕ ನಂಬುತ್ತೇನೆ. ಈಗ ದಿನಾ ಸಂಜೆ ಡ್ಯೂಟಿ ಮುಗಿಸಿ ಶಮಾ ಫೋನು ಮಾಡುತ್ತಾಳೆ, "ಯವ್ವಾ, ಊಟಾತೇನು?" ಎನ್ನುತ್ತಾಳೆ. ನೋಡಿ, ಫೋನು ಬಂತು! ಇಷ್ಟಕ್ಕೇ ಬರೆಯುವುದು ಬಿಡುತ್ತೇನೆ, ಶರಣು.