ನೆಟ್ಟಗೆ ನಿಲ್ಲಲು ವಸಂತ್ ಕುಂಜ್‌ಗೆ

ಜನವರಿಯ ಒಂದು ಬುಧವಾರ ಬೆಳಿಗ್ಗೆ ಹತ್ತಕ್ಕೆ ಇಂದಿರಾಪುರಂನ ಮನೆಯಿಂದ ಹೊರಟೆವು, ನಾನು ಮತ್ತು ಕಾಲೇಜಿಗೆ ಹೋಗುವ ಮೊಮ್ಮಗಳು ಮಾನಸಿ. ಮಂಜು ಇನ್ನೂ ಕರಗಿರಲಿಲ್ಲ. ಎದುರಿನ ಕಟ್ಟಡ ಅರ್ಧ ಮಾತ್ರ ಕಾಣುತ್ತಿತ್ತು.

ಆ ತಿಂಗಳು ನಾನು ಎರಡು ಸಲ ಬಿದ್ದಿದ್ದೆ. ಮೂಳೆ ಮುರಿಯಲಿಲ್ಲ, ಆದರೆ ಮಗ ಸುರೇಶ ಇನ್ನು ಹೋಟೆಲಿಗೆ ಬರಬೇಡ ಎಂದುಬಿಟ್ಟ. ಮೂವತ್ತು ವರ್ಷದಿಂದ ನಮ್ಮ ಹೋಟೆಲಿನಲ್ಲಿ ಬೆಳಗಿನ ದೋಸೆ ಹಿಟ್ಟಿಗೆ ಕೈ ಹಾಕಿ ನೋಡಿ, ಆಯಿತು ಅನ್ನುವವಳು ನಾನು.

"ಡಾಕ್ಟ್ರು ಅಡ್ಡಿಲ್ಲ ಅಂದ್ರೆ ಬಾ ಅಮ್ಮ. ಇಲ್ಲಾಂದ್ರೆ ಮನೇಲಿ ಕೂತ್ಕೋ."

"ಕೂತು ಏನು ಮಾಡ್ಲಿ? ಟಿವಿ ನೋಡಿ ಸಾಯ್ಲಾ?"

ಹೇಗೆ ಬಿದ್ದೆ ಎಂದು ಯಾರೂ ಕೇಳಲಿಲ್ಲ. ವಯಸ್ಸಾಯಿತು, ಬಿದ್ದಳು, ಮುಗಿಯಿತು. ಕೇಳದ್ದನ್ನು ನಾನೂ ಹೇಳಲಿಲ್ಲ.

ಇ-ರಿಕ್ಷಾದಲ್ಲಿ ತಲೆಗೆ ಇಪ್ಪತ್ತು ರೂಪಾಯಿ ಕೊಟ್ಟು ವೈಶಾಲಿ ಮೆಟ್ರೋಗೆ ಹೋದೆವು. ಮನೆಯೊಳಗೆ ಹಾಕಲೆಂದು ಸೊಸೆ ಕೊಟ್ಟ ಉಣ್ಣೆಯ ಕಾಲುಚೀಲ ನನ್ನ ಚೀಲದಲ್ಲಿತ್ತು. ಅದನ್ನು ಹಾಕಿದರೆ ಚಪ್ಪಲಿಯೊಳಗೆ ಕಾಲು ತೂರುವುದಿಲ್ಲ. ಗಾಡಿಯಲ್ಲಿ ಒಬ್ಬ ಹುಡುಗ ಎದ್ದು, "ಮಾತಾಜಿ, ಬೈಠಿಯೇ," ಎಂದ. ಬೇಡ ಎಂದೆ.

"ಅಜ್ಜಿ, ಬೈಠ್ ಜಾವೋ ನಾ, ಪ್ಲೀಸ್. ಪಪ್ಪಾ ನಂಗೆ ಬೈತಾರೆ."

"ನೀನು ಕೂತ್ಕೋ. ಸುಸ್ತಾದವಳ ಹಾಗೆ ಕಾಣ್ತಿ."

ಕಂಬ ಹಿಡಿದು ಯಮುನೆ ದಾಟುವವರೆಗೂ ನಿಂತೆ. ಗಾಡಿ ನಿಲ್ಲುವಾಗ, ಹೊರಡುವಾಗ, ನಾನು ಯೋಚಿಸುವ ಮೊದಲೇ ಕಾಲಬೆರಳುಗಳು ಚಪ್ಪಲಿಯನ್ನು ಕಚ್ಚಿ ಹಿಡಿಯುತ್ತಿದ್ದವು. ಆಮೇಲೆ ಮಂಡಿ ನೋಯಿತು, ಕೂತೆ. ರಾಜೀವ್ ಚೌಕ್‌ನಲ್ಲಿ ಗಾಡಿ ಬದಲಿಸಿ ಹೌಜ್ ಖಾಸ್‌ನಲ್ಲಿ ಇಳಿದು, ಶುಂಠಿ ಚಹಾ ಕುಡಿದು, ಆಟೋ ಹಿಡಿದು ವಸಂತ್ ಕುಂಜ್ ಮುಟ್ಟುವಾಗ ಹನ್ನೆರಡೂವರೆ.

ಅಷ್ಟು ದೂರ ಹೋದದ್ದು ಡಾಕ್ಟರಿಗೆ ಕನ್ನಡ ಬರುತ್ತದೆ ಎಂದು. ಕೊಡಗಿನವಳು, ಅಪ್ಪ ಸೈನ್ಯದಲ್ಲಿದ್ದವರಂತೆ. ಬಿ.ಪಿ. ಮಲಗಿಸಿ ನೋಡಿದಳು, ನಿಲ್ಲಿಸಿ ನೋಡಿದಳು. ಬರಿಗಾಲಲ್ಲಿ ಪಾದ ಜೋಡಿಸಿ ನಿಲ್ಲಲು ಹೇಳಿದಳು, ನಿಂತೆ. ಕಣ್ಣು ಮುಚ್ಚಲು ಹೇಳಿದಳು. ಸ್ವಲ್ಪ ತೂಗಾಡಿದೆ, ಬೀಳಲಿಲ್ಲ. ಆಮೇಲೆ ಮೆತ್ತನೆಯ ದಪ್ಪ ಸ್ಪಂಜಿನ ಮೇಲೆ ನಿಲ್ಲಿಸಿ ಕಣ್ಣು ಮುಚ್ಚಿಸಿದಳು. ನೇರ ಅವಳ ಮೈಮೇಲೆ ವಾಲಿದೆ.

"ಮನೇಲಿ ಹೇಗೆ ಬಿದ್ರಿ ಅಮ್ಮ? ತೋರಿಸಿ," ಎಂದಳು.

ಕೊನೆಗೂ ಒಬ್ಬಳು ಕೇಳಿದಳು. ಚೀಲದಿಂದ ಉಣ್ಣೆಯ ಕಾಲುಚೀಲ ತೆಗೆದು ಕಾಲಿಗೆ ಹಾಕಿಕೊಂಡೆ. ದೇವರ ಮುಂದೆ ನೆಲ ಥಂಡಿ ಎಂದು ಸೊಸೆ ಹೊದೆಯುವ ದಪ್ಪ ರಜಾಯಿ ಮಡಚಿ ಹಾಸಿದ್ದಾಳೆ, ಅದರ ಮೇಲೆ ನಿಲ್ಲುತ್ತೇನೆ ಎಂದೆ. ಕೈ ಮುಗಿದು, ಕಣ್ಣು ಮುಚ್ಚಿ, ನಿಂತಲ್ಲೇ ಮೂರು ಸುತ್ತಿನ ಪ್ರದಕ್ಷಿಣೆ ಶುರು ಮಾಡಿದೆ. ಅರ್ಧ ಸುತ್ತಿಗೇ ಅವಳು ತೋಳು ಹಿಡಿದು ನಿಲ್ಲಿಸಿ ನಗತೊಡಗಿದಳು.

"ನಗೋದೆಂತಕ್ಕೆ? ದೇವರಿಗೆ ಸುತ್ತು ಹಾಕ್ಬಾರ್ದಾ?"

"ಹಾಕಿ ಅಮ್ಮ. ಆದ್ರೆ ನಮ್ಮನ್ನ ನೆಟ್ಟಗೆ ನಿಲ್ಲಿಸೋದು ಮೂರು. ಕಣ್ಣು, ಪಾದ, ಕಿವಿಯ ಒಳಗಿನ ನೀರು. ಕಣ್ಣು ಮುಚ್ಚಿದ್ರಿ. ಪಾದಕ್ಕೆ ನೆಲ ಗೊತ್ತಾಗದ ಹಾಗೆ ಉಣ್ಣೆ, ರಜಾಯಿ. ಉಳಿದದ್ದು ಕಿವಿ, ಅದನ್ನ ಗಿರಗಿರ ತಿರುಗಿಸಿದ್ರಿ."

ತಿರುಗಿ ನಿಂತ ಮೇಲೂ ಆ ನೀರು ಸ್ವಲ್ಪ ಹೊತ್ತು ಓಡುತ್ತಿರುತ್ತದಂತೆ. ಸೌಟು ತೆಗೆದ ಮೇಲೂ ಸಾಂಬಾರು ಪಾತ್ರೆಯಲ್ಲಿ ಸುತ್ತುತ್ತದಲ್ಲ, ಹಾಗೆ ಅಂತ ನಾನು ಅರ್ಥ ಮಾಡಿಕೊಂಡೆ.

"ಹೋಟೆಲಿನ ಅಡುಗೆಮನೆಗೆ ಹೋಗ್ಬಹುದೋ ಇಲ್ವೋ, ಅದು ಹೇಳು."

"ಹೋಗಿ. ಕೂತೇ ಇದ್ರೆ ಕಾಲು ಇನ್ನೂ ಸೋಲುತ್ತೆ. ಒದ್ದೆ ನೆಲದ ಮೇಲೆ ಮಾತ್ರ ಬೇಡ. ದಿನಾ ಕಟ್ಟೆ ಹಿಡ್ಕೊಂಡು ಒಂದೊಂದೇ ಕಾಲಲ್ಲಿ ನಿಂತು ಅಭ್ಯಾಸ ಮಾಡಿ."

ಅದನ್ನೇ ಚೀಟಿಯಲ್ಲಿ ಬರೆಸಿಕೊಂಡೆ. ಬಾಯಿಮಾತು ಸುರೇಶನಿಗೆ ಸಾಲದು.

ಬಂದ ದಾರಿಯಲ್ಲೇ ಮರಳಿದೆವು. ಗಾಡಿಯಲ್ಲಿ ಮಾನಸಿ ಒಂದು ಕಾಲೆತ್ತಿ ನಿಲ್ಲಲು ನೋಡಿ ಪಕ್ಕದ ಹೆಂಗಸಿನ ಕಾಲು ತುಳಿದಳು. ಆ ಹೆಂಗಸು ಬೈದದ್ದು ನನಗೆ. ಐದೂವರೆಗೆ ಮನೆ.

ಸುರೇಶ ಚೀಟಿ ಎರಡು ಸಲ ಓದಿದ. ನಾನು ಕೈಕಾಲು ತೊಳೆದು ಒರೆಸಿಕೊಂಡು ರಜಾಯಿ ಎಳೆದು ಬದಿಗಿಟ್ಟೆ. ದೀಪ ಹಚ್ಚಿ, ಬರಿಗಾಲಲ್ಲಿ ಥಂಡಿ ನೆಲದ ಮೇಲೆ ನಿಂತು, ಕಣ್ಣು ಬಿಟ್ಟುಕೊಂಡೇ ನಿಧಾನಕ್ಕೆ ತಿರುಗಿದೆ. ಇಷ್ಟು ವರ್ಷ ಪ್ರದಕ್ಷಿಣೆ ಹಾಕುವಾಗ ಬೆನ್ನ ಹಿಂದೆ ಏನಿದೆ ಎಂದು ನೋಡಿದವಳೇ ಅಲ್ಲ. ಬಾಗಿಲಲ್ಲಿ ಸುರೇಶ ಎರಡೂ ಕೈ ಮುಂದೆ ಚಾಚಿ, ಮಂಡಿ ಬಗ್ಗಿಸಿ, ನನ್ನನ್ನು ಹಿಡಿಯಲು ನಿಂತಿದ್ದ. ಎರಡನೇ ಸುತ್ತಿನಲ್ಲೂ ಹಾಗೇ ಇದ್ದ. ಮೂರನೆಯದರಲ್ಲೂ.

ಮುಗಿಸಿ ನಿಂತೆ. ನೆಲ ಇದ್ದಲ್ಲೇ ಇತ್ತು.

"ಕೈ ಇಳಿಸೋ," ಎಂದೆ. "ಬೆಳಿಗ್ಗೆ ಹೋಟೆಲಿಗೆ ಹೋಗುವಾಗ ನನ್ನನ್ನೂ ಕರೆ."