ಮಾಸ್ತರರ ಹಾಡಿನ ಎರಡನೆಯ ಸಾಲು

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಜೋತುಬಿದ್ದು ನಿಂತಿದ್ದೆ. ಫೋನಿನಲ್ಲಿ ಶಾಂತಕ್ಕನ ದನಿಯ ಮೆಸೇಜು ಬಂದು ಬಿತ್ತು. ಶಾಂತಕ್ಕ ನನ್ನ ಸಂಗೀತ ಮಾಸ್ತರರ ಮಗಳು.

"ತಂಗಿ, ಅಪ್ಪಾರ ಹಾಡಿನ ಪುಸ್ತಕಾ ಅಚ್ಚಿಗೆ ಹೊಂಟೈತಿ. ನಿನ್ನ ಭೀಮಪಲಾಸಿ ರಾಗದ ಹಾಡು ಕಳಿಸೇನಿ, ಒಂದ್ಸಲ ನೋಡಿಬಿಡು. ಅದರ ಎರಡನೇ ಸಾಲು ಹಿಂದಿನ ಹೊದಿಕಿಗೆ ಹಾಕ್ಸಾಕತ್ತೇನಿ. ಅಪ್ಪಾರು ಕಟ್ಟಿದ್ರಾಗ ಅದ ಭಾಳ ಛಲೋ ಅಂತಾರ ಎಲ್ಲಾರೂ."

ನಿಮಗೆ ನಿಜ ಹೇಳಿಬಿಡುತ್ತೇನೆ. ಆ ಸಾಲು ಮಾಸ್ತರರದಲ್ಲ. ನನ್ನದು.

ಹಿಗ್ಗಬೇಕಿತ್ತು, ಅಲ್ಲವೇ? ದಿನಾ ಮೊಬೈಲಿನಲ್ಲಿ ಉದ್ದುದ್ದ ಬರೆದು ಹಾಕುವ ನನ್ನಿಂದ ಊರು ಮೆಚ್ಚಿದ ಒಂದೇ ಒಂದು ಸಾಲು ಹುಟ್ಟಿದ್ದು ಅದು. ಆದರೆ ಹಿಗ್ಗಲಿಕ್ಕೂ ಶಕ್ತಿ ಬೇಕು ನೋಡಿ. ನನಗೆ ಸುಸ್ತಾಯಿತು.

ಮಾಸ್ತರರು ಉಪ್ಪಿನಬೆಟಗೇರಿಯ ರೈತರ ಮನೆಯವರು. ಧಾರವಾಡದ ಕೆಲಗೇರಿಯ ಎರಡು ಖೋಲಿಯ ಮನೆಯಲ್ಲಿ ಜೀವಮಾನವೆಲ್ಲ ಹಾಡು ಕಟ್ಟಿದರು, ಕಲಿಸಿದರು. ಕಚೇರಿಗೆ ಕರೆದವರು ಕಡಿಮೆ. ಎಲ್ಲರೂ ಹಿಂದಿ ಬಂದಿಶ್ ಹಾಡುವ ಊರಲ್ಲಿ ಇವರು ಕಟ್ಟಿದ್ದು ಕನ್ನಡದಲ್ಲಿ. ಯಾಕೆಂದರೆ, "ನಮ್ಮವ್ವಗ ತಿಳೀಬೇಕಲ್ಲ!" ಅನ್ನುವರು.

ಅವರದೊಂದು ಹಟವಿತ್ತು. ಒಬ್ಬೊಬ್ಬ ಶಿಷ್ಯರಿಗೆ ಒಂದೊಂದು ಹಾಡು ಕಟ್ಟಿ ಕೊಡುವರು. ಅದನ್ನು ಮತ್ತೊಬ್ಬರಿಗೆ ತಾವು ಕಲಿಸುತ್ತಿರಲಿಲ್ಲ, ಪಡೆದವರೇ ಕಲಿಸಬೇಕು. ಬರೆದುಕೊಳ್ಳುವ ಹಾಗೂ ಇಲ್ಲ. ನಾನೊಮ್ಮೆ ನೋಟ್‌ಬುಕ್ ತೆಗೆದೆ.

"ಬರಕೊಂಡ್ರ ನೋಟ್‌ಬುಕ್ಕ ಹಾಡ್ತೈತಿ, ನೀ ಹಾಡೂದಿಲ್ಲ. ಮುಚ್ಚವಾ," ಎಂದರು.

ನನ್ನ ಪಾಲಿಗೆ ಬಂದದ್ದು ಕೆರೆ ದಂಡೆಯ ಮೇಲೆ ಅಕ್ಕನ ದಾರಿ ಕಾಯುವವಳ ಹಾಡು. ಕೊಟ್ಟಾಗ ದಿನಾ ಹಾಡಿದೆ. ಆಮೇಲೆ ಅಡುಗೆ, ಮಕ್ಕಳ ಜ್ವರ, ಅತ್ತೆಯ ಮೊಣಕಾಲು. ರಿಯಾಜು, ದಿನದ ಅಭ್ಯಾಸ, ನಿಂತೇ ಹೋಯಿತು. ಅಷ್ಟರಲ್ಲಿ ಮಾಸ್ತರರು ಹಾಸಿಗೆ ಹಿಡಿದರು. ಕರೆಸಿಕೊಂಡು ಪಿಸುದನಿಯಲ್ಲಿ ಅಂದರು, "ಸಣ್ಣ ಹುಡಿಗ್ಯಾರಿಗೆ ನಿಂದು ಹೇಳಿಕೊಡವಾ. ನಂದು ಇನ್ನ ಆಗೂದಿಲ್ಲ."

ಅವರು ಒಳಗಿನ ಖೋಲಿಯಲ್ಲಿ, ನಾನು ಹುಡುಗಿಯರ ಜೊತೆ ಹೊರಗೆ. ಎರಡನೆಯ ಸಾಲಿಗೆ ಬಂದೆ. ತಲೆ ಖಾಲಿ. ಎದ್ದು ನಾಲ್ಕು ಹೆಜ್ಜೆ ಒಳಗೆ ಹೋಗಿ ಕೇಳಿದ್ದರೆ ಮುಗಿಯುತ್ತಿತ್ತು. ಕಲಿಸಲು ಕೂತವಳೇ ಮರೆತಳು ಎನ್ನಿಸಿಕೊಳ್ಳಬೇಕಲ್ಲ! ಬಾಯಿಗೆ ಬಂದದ್ದನ್ನು ಹಾಡಿದೆ:

"ಕೊಡ ತುಂಬೇತಿ, ಎದಿ ತುಂಬವಲ್ದು."

ಹುಡುಗಿಯರು ಕಲಿತರು. ಒಳಗಿನಿಂದ ಏನೂ ಕೇಳಿಬರಲಿಲ್ಲ. ನಾಳೆ ಕೇಳಿ ತಿದ್ದಿದರಾಯಿತು ಎಂದುಕೊಂಡೆ. ಆ ರಾತ್ರಿಯೇ ಮಾಸ್ತರರು ಹೋದರು. ಆ ಹುಡುಗಿಯರ ಬಾಯಿಂದಲೇ ಹಾಡು ಈಗ ಶಾಂತಕ್ಕನ ಪುಸ್ತಕಕ್ಕೆ ಬಂದಿದೆ.

ಬಸ್ಸಿಳಿದವಳೇ ಫೋನು ಮಾಡಿ ಎಲ್ಲ ಒದರಿದೆ.

"ಮತ್ತ ಅಪ್ಪಾರ ಸಾಲು ಯಾವದು?"

"ನೆನಪಿಲ್ಲಕ್ಕಾ."

"ಒಂದ ಶಬ್ದನೂ?"

"ಇಲ್ಲ."

"ನಿನಗೊಬ್ಬಾಕಿಗೇ ಕೊಟ್ಟಿದ್ರಲ್ಲ," ಎಂದಳು. ಬೈದಿದ್ದರೆ ಹಗುರಾಗುತ್ತಿದ್ದೆ. "ನಿನ್ನ ಸಾಲು ಛಲೋನ ಐತಿ. ಖರೇ. ಆದ್ರ ಅಪ್ಪಾರ ಹೆಸರಿಗೆ ಹಚ್ಚೂದು ಬ್ಯಾಡ. ಆ ಜಾಗಾ ಖಾಲಿ ಬಿಡ್ತೇನಿ."

ಪುಸ್ತಕ ನಿನ್ನೆ ಬಂತು. ನನ್ನ ಹಾಡಿನ ಪುಟದಲ್ಲಿ ಒಂದು ಸಾಲಿನಷ್ಟು ಬಿಳಿ ಜಾಗ. ಮಧ್ಯಾಹ್ನ ಬಾಗಿಲು ಮುಚ್ಚಿ, ಎಷ್ಟೋ ವರ್ಷದ ಮೇಲೆ ಹಾಡಲು ಕೂತೆ. ಅಲ್ಲಿಗೆ ಬರುತ್ತಲೇ ಬಾಯಿ ನನ್ನ ಸಾಲಿಗೇ ಹೊರಟಿತು. ತುಟಿ ಕಚ್ಚಿ ಹಿಡಿದೆ. ತೊಡೆಯ ಮೇಲೆ ಆ ಸಾಲಿನ ಹದಿನಾರು ಮಾತ್ರೆ ಬರೀ ತಾಳ ಹಾಕುತ್ತ ಆ ಜಾಗ ದಾಟಿದೆ. ಮುಂದಿನ ಸಾಲು ಮಾಸ್ತರರದು. ಅದು ಬಂತು.